ಚಿಮಟವಿಲ್ಲದೆ ಮಾರಿಕಣಿವೆಗೆ ಬರುವ ಸವಾರರಿಗೆ



ಶನಿವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟು, ತುಮಕೂರು, ಶಿರಾ ದಾಟಿ, ಹಿರಿಯೂರಿನಲ್ಲಿ ತಿಂಡಿ ಮುಗಿಸಿ, ಹೆದ್ದಾರಿ ಬಿಟ್ಟು ವಾಣಿವಿಲಾಸಪುರದ ಕಡೆ ಬೈಕು ತಿರುಗಿಸುವ ನಿಮಗಾಗಿ ಈ ಪತ್ರ. ನೀವು ಬರುವುದು ನಮಗೆ ಸಂತೋಷವೇ. 2022ರ ಸೆಪ್ಟೆಂಬರ್‌ನಲ್ಲಿ, 1933ರ ನಂತರ ಮೊದಲ ಸಲ ಇಲ್ಲಿನ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ ನಾಡಿನ ಮೂಲೆಮೂಲೆಯಿಂದ ಜನ ಬಂದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಮತ್ತೆ ಬಂದರು. ಅಣೆಕಟ್ಟು ನೋಡಿ, ಕಣಿವೆ ಮಾರಮ್ಮನಿಗೆ ಕೈಮುಗಿದು ಹಿಂತಿರುಗುವವರಿಗೆ ನಾನು ಹೇಳುವಂಥದ್ದೇನೂ ಇಲ್ಲ. ನಾನು ಬರೆಯುತ್ತಿರುವುದು ಡಾಂಬರು ಮುಗಿದ ಮೇಲೂ ಮುಂದೆ ಹೋಗುವವರಿಗೆ. ಹಿನ್ನೀರಿನ ಅಂಚು ಹಿಡಿದು ಹೊಸದುರ್ಗದ ಕಡೆಗೆ, ನಾವು ಫ್ಯಾನು ಎಂದೇ ಕರೆಯುವ ಗಾಳಿಯಂತ್ರಗಳು ನಿಂತ ಗುಡ್ಡಗಳ ಬುಡಕ್ಕೆ, ಹೊಳಲ್ಕೆರೆ ಸೀಮೆಯ ಗಾಡಿದಾರಿಗಳಿಗೆ ಇಳಿಯುವ ನಿಮಗೆ.

ನಿಮ್ಮ ತಲೆಗೆ ಒಳ್ಳೆಯ ಹೆಲ್ಮೆಟ್ ಇರುತ್ತದೆ. ಮೊಣಕಾಲು, ಮೊಣಕೈಗೆ ಕವಚವಿರುತ್ತದೆ. ಹ್ಯಾಂಡಲ್ ಮೇಲೆ ದಾರಿ ತೋರುವ ಮೊಬೈಲ್ ಇರುತ್ತದೆ. ಅದೆಲ್ಲ ಬೇಕಾದದ್ದೇ. ಆದರೆ ಹಿಂದಿನ ಚಕ್ರದ ಗಾಳಿ ಇಳಿದು ಬೈಕು ಓಲಾಡತೊಡಗಿದಾಗ ಆ ಚಕ್ರ ಬಿಚ್ಚುವ ಪಾನ ನಿಮ್ಮ ಬಳಿ ಇರುವುದಿಲ್ಲ. ಟೈರು ಎಬ್ಬಿಸುವ ಲಿವರ್ ಇಲ್ಲ, ಪ್ಯಾಚ್ ಇಲ್ಲ, ಪಂಪ್ ಇಲ್ಲ. ಇದ್ದರೂ ಹೇಗೆ ಬಳಸಬೇಕೆಂದು ಗೊತ್ತಿರುವುದಿಲ್ಲ. ಆಗ ಕುರಿ ಮೇಯಿಸುವ ಅಣ್ಣನೊಬ್ಬ ಕುರಿಗಳನ್ನು ಬಿಟ್ಟು ನಿಮ್ಮ ಬಳಿ ಬರುತ್ತಾನೆ. "ಯಾಕಣ್ಣ, ಪಂಚರ್ ಆಯ್ತಾ?" ಎನ್ನುತ್ತಾನೆ. ಊರಿಗೆ ಫೋನ್ ಮಾಡಿ ಯಾರನ್ನೋ ಕರೆಸುತ್ತಾನೆ. ಆ ಯಾರೋ ತನ್ನ ಹೊಲದ ಕೆಲಸ ಬಿಟ್ಟು, ನಿಮ್ಮ ಚಕ್ರವನ್ನು ತನ್ನ ಹಳೆಯ ಸ್ಪ್ಲೆಂಡರ್ ಹಿಂದೆ ಕಟ್ಟಿಕೊಂಡು ಪಂಚರ್ ಅಂಗಡಿಗೆ ಹೋಗಿ ಬರುತ್ತಾನೆ. ಅವನ ಅರ್ಧ ದಿನ ಹೋಗುತ್ತದೆ. ಎಷ್ಟೋ ಭಾನುವಾರಗಳಲ್ಲಿ ಕಂಡ ನೋಟ ಇದು. ಕಷ್ಟದಲ್ಲಿರುವವರಿಗೆ ನೆರವಾಗುವುದು ನಮ್ಮವರ ಸ್ವಭಾವ, ಅದು ಹಾಗೇ ಇರಲಿ. ಆದರೆ ತಡೆಯಬಹುದಾದ ಕಷ್ಟವನ್ನು ಪ್ರತಿ ವಾರ ಅವರ ಹೆಗಲಿಗೆ ಹಾಕುವುದು ಸರಿಯೇ ಎಂದು ನೀವು ಯೋಚಿಸಬೇಕು.

ಈ ನೆಲದಲ್ಲಿ ನಡೆದಾಡುವವರಿಗೆ ಒಂದು ರೂಢಿಯಿತ್ತು. ಉಡಿದಾರಕ್ಕೆ ಒಂದು ಸಣ್ಣ ಚಿಮಟ ಕಟ್ಟಿಕೊಂಡಿರುತ್ತಿದ್ದರು. ಹಿರಿಯರಲ್ಲಿ ಕೆಲವರ ಸೊಂಟದಲ್ಲಿ ಇವತ್ತಿಗೂ ಅದನ್ನು ಕಾಣಬಹುದು. ಕಾಲಿಗೆ ಮುಳ್ಳು ಚುಚ್ಚಿದರೆ ಕುಳಿತು, ಕಿತ್ತು, ಮತ್ತೆ ನಡೆಯುವುದು. ಮುಳ್ಳು ಕೀಳಲು ಇನ್ನೊಬ್ಬರು ಬರಲಿ ಎಂದು ಕಾಯುತ್ತ ಕೂತವನ ಕುರಿ ಸಂಜೆಗೆ ರೊಪ್ಪ ಸೇರುತ್ತಿರಲಿಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕ್ಯಾತೆದೇವರ ಜಾತ್ರೆಯಲ್ಲಿ ಬಾರೆಮುಳ್ಳಿನ ಕೊಂಬೆಗಳಿಂದ ಗುಡಿ ಕಟ್ಟಿ, ಕಾಡುಗೊಲ್ಲರು ಅದನ್ನು ಬರಿಗಾಲಲ್ಲಿ ಹತ್ತಿ ಕಳಶ ಇಳಿಸುತ್ತಾರೆ. ಅಷ್ಟು ಹತ್ತಿರದಿಂದ ಮುಳ್ಳನ್ನು ಬಲ್ಲ ಸೀಮೆ ಇದು. ಇಲ್ಲಿ ಸಂಚರಿಸುವವರು ತಮ್ಮ ಚಿಮಟ ತಾವೇ ತರಬೇಕು. ನಿಮ್ಮ ಪಾಲಿನ ಚಿಮಟ ಎಂದರೆ ಎರಡು ಮೂರು ಟೈರ್ ಲಿವರ್, ಒಂದು ಪಂಪ್, ಒಂದು ಟ್ಯೂಬ್, ಮತ್ತು ಅವನ್ನು ಬಳಸಬಲ್ಲ ಕೈ. ನಾನು ಕೇಳುತ್ತಿರುವುದು ಇಷ್ಟೇ.

ನೀವು ಎಂಥ ನೆಲದ ಮೇಲೆ ಓಡಾಡುತ್ತಿದ್ದೀರಿ ಎಂಬುದನ್ನೂ ತಿಳಿದುಕೊಳ್ಳಿ. ಹಿರಿಯೂರು ಮಳೆನೆರಳಿನ ಸೀಮೆ. ಕೆರೆಯಂಗಳ, ಹಳ್ಳದ ದಡ, ಬೀಳುಬಿಟ್ಟ ಹೊಲ ಎಲ್ಲ ಕಡೆ ಬಳ್ಳಾರಿ ಜಾಲಿ ಹಬ್ಬಿದೆ. ಅಮೆರಿಕ ಖಂಡದಿಂದ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ತಂದ ಗಿಡ ಇದು. ಬರದ ನಾಡಿಗೆ ಸೌದೆ, ಹಸಿರು ಆಗಲೆಂದು ತಂದರು. ಅದರ ಸಿಹಿಯಾದ ಕಾಯನ್ನು ಕುರಿ, ಮೇಕೆ ತಿನ್ನುತ್ತವೆ, ಬೀಜ ಹಿಕ್ಕೆಯ ಜೊತೆ ಹೊಸ ಜಾಗಕ್ಕೆ ಹೋಗಿ ಮೊಳೆಯುತ್ತದೆ. ಹಾಗಾಗಿ ಕುರಿ ನಡೆದ ದಾರಿಯಲ್ಲೆಲ್ಲ ಅದಿದೆ, ಮತ್ತು ನೀವು ಇಷ್ಟಪಡುವ ಕಾಲುದಾರಿಗಳೆಲ್ಲ ಕುರಿ ನಡೆದ ದಾರಿಗಳೇ. ಅದರ ಜೊತೆಗೆ ನಮ್ಮದೇ ಕರಿಜಾಲಿ, ಕಾರೆ, ಬಾರೆ. ರೊಪ್ಪಕ್ಕೆ, ಹೊಲಕ್ಕೆ ಈ ಮುಳ್ಳುಕಂಟಿಗಳನ್ನೇ ಕಡಿದು ಬೇಲಿ ಹಾಕುತ್ತಾರೆ. ಕಂಟಿ ಎಳೆದುಕೊಂಡು ಹೋದ ದಾರಿಯಲ್ಲಿ ಉದುರಿದ ಒಣಮುಳ್ಳು ಬಿಸಿಲಿಗೆ ಇನ್ನಷ್ಟು ಗಡುಸಾಗುತ್ತದೆ. ಟೈರಿನ ಗುಬ್ಬಿಗಳ ನಡುವಿನ ತೆಳುವಾದ ರಬ್ಬರಿಗೆ ಅದು ನಾಟಿದರೆ ಒಳಗೆ ಹೋಗಿ, ಹೊರಗಿನ ತುದಿ ಮುರಿದು ಬೀಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಮುಳ್ಳಿಲ್ಲದ ಕಡೆ ಕಲ್ಲು. ಚಿತ್ರದುರ್ಗದ ಗುಡ್ಡಸಾಲಿನ ಶಿಲೆಗಳ ವಯಸ್ಸು ನೂರಾರು ಕೋಟಿ ವರ್ಷ. ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ಹಿಂದೊಮ್ಮೆ ನೀರಿನಡಿ ಉಕ್ಕಿದ ಲಾವಾ ದಿಂಬುಗಳ ಆಕಾರದಲ್ಲಿ ಹೆಪ್ಪುಗಟ್ಟಿದ್ದು, ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಬಂದಾಗ ಅದನ್ನು ನೋಡಿ ಹೋಗಿ. ಆದರೆ ಇದೇ ಗುಡ್ಡಗಳ ಬುಡದಲ್ಲಿ ಪದರುಪದರಾಗಿ ಸೀಳುವ ಕಲ್ಲಿದೆ, ಅದರ ಅಂಚು ಹರಿತ. ಬೆಣಚುಕಲ್ಲಿನ ಚೂರುಗಳು ಗರಸಿನಲ್ಲಿ ಮುಖ ಮೇಲೆ ಮಾಡಿ ನಿಂತಿರುತ್ತವೆ. ಗಾಳಿ ಕಡಿಮೆ ಇರುವ ಟೈರು ಇಂಥ ಕಲ್ಲಿಗೆ ಜೋರಾಗಿ ಬಡಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ. ಒಂದು ಮುಚ್ಚಿ ಇನ್ನೊಂದನ್ನು ಮರೆತರೆ ಮಾಡಿದ ಕೆಲಸವೆಲ್ಲ ನೀರುಪಾಲು. ಮಣ್ಣುದಾರಿಗೆ ಗಾಳಿ ಇಳಿಸಬೇಕೆಂದು ನಿಮಗೆ ಯಾರೋ ಹೇಳಿರುತ್ತಾರೆ. ಮಾತು ನಿಜ, ಹಿಡಿತ ಹೆಚ್ಚುತ್ತದೆ. ಆದರೆ ಅದು ಮರಳಿಗೆ, ಕೆಸರಿಗೆ ಹೇಳಿದ ಮಾತು. ಕಲ್ಲಿನ ದಾರಿಯಲ್ಲಿ ಅತಿಯಾಗಿ ಇಳಿಸಿದರೆ ಟ್ಯೂಬು ಹೀಗೆ ಕಚ್ಚಿಸಿಕೊಳ್ಳುತ್ತದೆ. ಟ್ಯೂಬ್‌ಲೆಸ್ ಆದರೆ ಟೈರಿನ ಅಂಚೇ ರಿಮ್ಮಿನಿಂದ ಜಾರುತ್ತದೆ. ಮತ್ತೆ ತುಂಬಿಸಲು ಪಂಪ್ ಇಲ್ಲದವರು ಗಾಳಿ ಇಳಿಸಲೇಬಾರದು.

ಈಗ ಕೈಕೆಲಸದ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಕಷ್ಟವಿರುವುದು ಇಲ್ಲೇ, ಸುಲಭದ ಗುಟ್ಟಿರುವುದೂ ಇಲ್ಲೇ.

ಗಾಳಿ ಇಳಿದಂತೆ ಅನಿಸಿದ ತಕ್ಷಣ ಆಕ್ಸಿಲರೇಟರ್ ಬಿಡಿ, ಮುಂದಿನ ಬ್ರೇಕ್ ಜೋರಾಗಿ ಹಿಡಿಯಬೇಡಿ, ನಿಧಾನಕ್ಕೆ ನಿಲ್ಲಿಸಿ. ಊರು ಹತ್ತಿರವಿದೆ ಎಂದು ಹಾಗೇ ಓಡಿಸಿದರೆ ಟ್ಯೂಬು ಹರಿದು ಚಿಂದಿಯಾಗುತ್ತದೆ, ಟೈರಿನ ಅಂಚು ಕಿತ್ತುಹೋಗುತ್ತದೆ, ರಿಮ್ ಸೊಟ್ಟಗಾಗುತ್ತದೆ. ಒಂದು ಪ್ಯಾಚಿನಲ್ಲಿ ಮುಗಿಯುತ್ತಿದ್ದುದು ಚಕ್ರ ಬದಲಿಸುವಲ್ಲಿಗೆ ಬರುತ್ತದೆ. ನೆರಳು ಮತ್ತು ಗಟ್ಟಿ ನೆಲ ಹುಡುಕಿ. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಾದರೆ ಸೈಡ್ ಸ್ಟ್ಯಾಂಡ್ ಹಾಕಿ, ಎಂಜಿನ್ನಿನ ತಳದ ಗಟ್ಟಿ ಭಾಗಕ್ಕೆ ಚಪ್ಪಟೆ ಕಲ್ಲು ಜೋಡಿಸಿ ಚಕ್ರ ನೆಲ ಬಿಡುವಂತೆ ಮಾಡಿ. ಜೊತೆಗಾರ ಹ್ಯಾಂಡಲ್ ಹಿಡಿದಿರಲಿ. ಸೈಲೆನ್ಸರ್ ಆರಲು ಸಮಯ ಕೊಡಿ. ಚಕ್ರ ಹೊರಬಂದ ಮೇಲೆ ಬ್ರೇಕ್ ಒತ್ತಬೇಡಿ, ಒತ್ತಿದರೆ ಪ್ಯಾಡುಗಳು ಹತ್ತಿರ ಬಂದು ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ. ಚಕ್ರವನ್ನು ಡಿಸ್ಕ್ ಮೇಲೆ ಬರುವಂತೆ ಮಲಗಿಸಿ. ಬಿಚ್ಚಿದ ನಟ್ಟು, ಬುಶ್ಶುಗಳನ್ನು ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿದ ಕ್ರಮದಲ್ಲೇ ಇಡಿ. ಗರಸಿನಲ್ಲಿ ಬಿದ್ದ ಬುಶ್ ಸಿಗುವುದಿಲ್ಲ.

ವಾಲ್ ಪಿನ್ ತೆಗೆದು ಉಳಿದ ಗಾಳಿಯನ್ನೂ ಬಿಡಿ. ಇನ್ನು ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಬೇಕು. ಮೆಕ್ಯಾನಿಕ್ಕರು ಬೀಡ್ ಎನ್ನುವುದು ಈ ಅಂಚಿಗೇ. ಟೈರಿನ ಎರಡೂ ಅಂಚುಗಳೊಳಗೆ ಉಕ್ಕಿನ ತಂತಿಯ ಸುತ್ತು ಇರುತ್ತದೆ, ಅದು ಹಿಗ್ಗುವುದಿಲ್ಲ. ಬೂಟುಗಾಲಿನಲ್ಲಿ ರಿಮ್ಮಿನ ಪಕ್ಕಕ್ಕೇ ತುಳಿಯಿರಿ. ಅದಕ್ಕೂ ಬಿಡದಿದ್ದರೆ ಜೊತೆಗಾರನ ಬೈಕಿನ ಸೈಡ್ ಸ್ಟ್ಯಾಂಡನ್ನು ಟೈರಿನ ಅಂಚಿನ ಮೇಲೆ ಊರಿ, ಆ ಬೈಕಿನ ಭಾರವನ್ನು ಮೆಲ್ಲಗೆ ಅದರ ಮೇಲೆ ಬಿಡಿ. ಎರಡೂ ಬದಿ ಬಿಡಬೇಕು.

ಇಲ್ಲಿ ಬಳೆಗಾರನನ್ನು ನೆನಪಿಸಿಕೊಳ್ಳಿ. ಅವನು ಬಳೆ ಹಿಗ್ಗಿಸುವುದಿಲ್ಲ, ಕೈಯನ್ನು ಒತ್ತಿ ಕಿರಿದು ಮಾಡಿ ಬಳೆ ದಾಟಿಸುತ್ತಾನೆ. ರಿಮ್ಮಿನ ನಟ್ಟನಡುವೆ, ಸುತ್ತಲೂ ಒಂದು ತಗ್ಗು ಇದೆಯಲ್ಲ, ಅದನ್ನು ಮಾಡಿರುವುದೇ ಇದಕ್ಕಾಗಿ. ಲಿವರ್ ಹಾಕುವ ಜಾಗಕ್ಕೆ ನೇರ ಎದುರಿನಲ್ಲಿ ಮಂಡಿಯೂರಿ ಟೈರಿನ ಅಂಚನ್ನು ಆ ತಗ್ಗಿಗೆ ಒತ್ತಿ ಹಿಡಿದರೆ ಈ ಕಡೆ ಅಂಚಿಗೆ ಸಡಿಲ ಸಿಗುತ್ತದೆ. ಆಗ ಲಿವರಿನಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿದರೂ ಸಾಕು, ಟೈರು ರಿಮ್ ದಾಟಿ ಬರುತ್ತದೆ. ಬಲವಂತ ಮಾಡಬೇಕಾಗಿ ಬಂದರೆ ಎದುರಿನ ಅಂಚು ತಗ್ಗಿನಲ್ಲಿಲ್ಲ ಎಂದೇ ಅರ್ಥ. ಲಿವರ್ ಬಿಡಿ, ಮತ್ತೆ ಅಲ್ಲಿ ಮಂಡಿಯೂರಿ. ಈ ಒಂದು ಗುಟ್ಟು ಗೊತ್ತಿಲ್ಲದೆ ಎಷ್ಟು ಜನ ರಿಮ್ ಗೀಚಿಕೊಂಡಿದ್ದಾರೆ, ಲಿವರ್ ಬಗ್ಗಿಸಿದ್ದಾರೆ! ಒಂದು ಬದಿ ಮಾತ್ರ ಕಳಚಿದರೆ ಸಾಕು, ಟ್ಯೂಬನ್ನು ಹೊರಗೆಳೆಯಬಹುದು.

ಟ್ಯೂಬಿಗೆ ಗಾಳಿ ಹಾಕಿ ತುಟಿಯ ಹತ್ತಿರ ಹಿಡಿಯಿರಿ, ಕಿವಿಗೆ ಕೇಳದ ಸೋರಿಕೆ ತುಟಿಗೆ ತಿಳಿಯುತ್ತದೆ. ನೀರಿದ್ದರೆ ಅದ್ದಿ ಗುಳ್ಳೆ ನೋಡಬಹುದು. ಆದರೆ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಅದಕ್ಕೆ ಸುರಿಯಬೇಡಿ. ತೂತು ಸಿಕ್ಕ ಮೇಲೆ ಟ್ಯೂಬನ್ನು ಟೈರಿನ ಮೇಲೆ ವಾಲಿನ ಜಾಗಕ್ಕೆ ಸರಿಯಾಗಿ ಇಟ್ಟು ನೋಡಿದರೆ ಮುಳ್ಳು ಟೈರಿನಲ್ಲಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಆ ಮುಳ್ಳು ತೆಗೆಯದೆ ಟ್ಯೂಬು ಮುಚ್ಚಿದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಇಳಿಯುತ್ತದೆ. ಟೈರಿನ ಒಳಗೋಡೆಯನ್ನು ಪೂರ್ತಿ ಒಂದು ಸುತ್ತು ಬಟ್ಟೆಯಿಂದ ಸವರಿ. ಬಟ್ಟೆ ಸಿಕ್ಕಿಕೊಂಡಲ್ಲೆಲ್ಲ ಮುಳ್ಳಿದೆ. ನಮ್ಮ ಸೀಮೆಯಲ್ಲಿ ಒಂದೇ ಇರುವುದು ಅಪರೂಪ. ಅದನ್ನು ಕೀಳಲು ಚಿಮಟವೇ ಬೇಕು, ಇಲ್ಲವೇ ಒಳಗಿನಿಂದ ಹೊರಕ್ಕೆ ತಳ್ಳಬೇಕು.

ತೂತಿನ ಸುತ್ತ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಬಳಿದು, ಅದು ಆರುವವರೆಗೆ ಕಾಯಿರಿ. ಹಸಿಯಾಗಿರುವಾಗಲೇ ಪ್ಯಾಚ್ ಅಂಟಿಸುವುದು ಎಲ್ಲರೂ ಮಾಡುವ ಅವಸರ. ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಅಂಟಿಸಿ, ನಡುವಿನಿಂದ ಅಂಚಿನ ಕಡೆಗೆ ಲಿವರಿನ ಹಿಡಿಯಿಂದ ಒತ್ತಿ ತಿಕ್ಕಿ. ಆತುರವಿದ್ದರೆ, ಅಥವಾ ಕತ್ತಲಾಗುತ್ತಿದ್ದರೆ, ಹೊಸ ಟ್ಯೂಬು ಹಾಕಿ ಹಳೆಯದನ್ನು ಊರಿಗೆ ಹೋಗಿ ಮುಚ್ಚಿಕೊಳ್ಳಬಹುದು. ಹಿಮಾಲಯನ್, ಎಕ್ಸ್‌ಪಲ್ಸ್‌ನಂಥ ಬೈಕುಗಳಿಗೆ ಮುಂದೆ 21 ಇಂಚಿನ ಚಕ್ರ, ಹಿಂದೆ 17 ಅಥವಾ 18. ಎರಡಕ್ಕೂ ಬೇರೆ ಬೇರೆ ಟ್ಯೂಬ್ ಹೊರಲಾಗದಿದ್ದರೆ 21ರದ್ದೊಂದನ್ನು ಇಟ್ಟುಕೊಳ್ಳಿ. ತುರ್ತಿಗೆ ಅದು ಹಿಂದಿನ ಚಕ್ರದಲ್ಲೂ ಊರು ಸೇರಿಸುತ್ತದೆ.

ಕೂರಿಸುವಾಗ ಟ್ಯೂಬಿಗೆ ಅದರ ದುಂಡಗಿನ ಆಕಾರ ಬರುವಷ್ಟು ಮಾತ್ರ ಗಾಳಿ ಇರಲಿ. ಪೂರ್ತಿ ಖಾಲಿ ಇದ್ದರೆ ಮಡಿಕೆ ಬಿದ್ದು ಲಿವರಿಗೆ ಸಿಗುತ್ತದೆ. ವಾಲಿನ ನಟ್ಟನ್ನು ಎರಡು ಸುತ್ತು ಮಾತ್ರ ಹಾಕಿಡಿ. ಅಂಚು ಒಳಗೆ ಹಾಕುವುದನ್ನು ವಾಲಿಗೆ ಎದುರಿನ ಬದಿಯಲ್ಲಿ ಶುರುಮಾಡಿ ವಾಲಿನ ಬಳಿ ಮುಗಿಸಿ, ಏಕೆಂದರೆ ವಾಲ್ ಇರುವ ಕಡೆ ಅಂಚು ತಗ್ಗಿಗೆ ಇಳಿಯುವುದಿಲ್ಲ. ಕೊನೆಯ ಗೇಣುದ್ದ ಯಾವಾಗಲೂ ಹಠ ಮಾಡುತ್ತದೆ. ಹೊಸ ಟ್ಯೂಬಿಗೆ ಲಿವರ್ ತೂತು ಮಾಡುವುದೂ ಆಗಲೇ. ಲಿವರ್ ಆಳಕ್ಕೆ ತೂರಿಸಬೇಡಿ, ಎದುರುಬದಿಗೆ ಮಂಡಿಯೂರಿ, ಅಂಚಿಗೆ ಸೋಪಿನ ನೀರು ಸವರಿ. ಕೊನೆಗೆ ವಾಲನ್ನು ಟೈರಿನೊಳಕ್ಕೆ ಒಮ್ಮೆ ತಳ್ಳಿ ಎಳೆಯಿರಿ, ಅದರ ಬುಡದಲ್ಲಿ ಟ್ಯೂಬು ಅಂಚಿನಡಿ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ.

ಸೋಪು ಎಂದೆ. ಅದನ್ನು ಮರೆಯುವವರೇ ಹೆಚ್ಚು. ಟೈರು ರಿಮ್ಮಿನಲ್ಲಿ ಸಮನಾಗಿ ಕೂರಬೇಕಾದರೆ ಅಂಚು ಜಾರಬೇಕು. ಚಿಲ್ಲರೆ ಅಂಗಡಿಯಲ್ಲಿ ಸಿಗುವ ಒಂದು ಶಾಂಪೂ ಪೊಟ್ಟಣ ಜೇಬಿನಲ್ಲಿದ್ದರೆ ಸಾಕು. ಅದೂ ಇಲ್ಲದಿದ್ದರೆ ಊರಲ್ಲಿ ಅಂಟುವಾಳ ಕೇಳಿ, ನಾಲ್ಕು ಕಾಯಿ ನೀರಿಗೆ ಹಾಕಿ ಕಿವುಚಿದರೆ ನೊರೆ ಬರುತ್ತದೆ. ಎಂಜಿನ್ ಆಯಿಲ್, ಗ್ರೀಸು, ಪೆಟ್ರೋಲ್ ಮಾತ್ರ ಮುಟ್ಟಿಸಬೇಡಿ. ರಬ್ಬರ್ ಕೆಡುತ್ತದೆ, ಟೈರು ರಿಮ್ಮಿನ ಮೇಲೆ ಜಾರಿ ವಾಲ್ ಕಿತ್ತುಕೊಂಡು ಬರುತ್ತದೆ.

ಈಗ ಗಾಳಿ. ಟ್ಯೂಬಿರುವ ಟೈರಿಗೆ ಸೈಕಲ್ ಪಂಪೂ ಸಾಕು, ತೋಳು ಸೋಲುತ್ತದೆ ಅಷ್ಟೇ, ಸರದಿಯ ಮೇಲೆ ಹೊಡೆಯಿರಿ. ಸಾಮಾನ್ಯವಾಗಿ 30ರಿಂದ 40 ಪಿಎಸ್‌ಐ ಒಳಗೆ ಅಂಚು ಟಪ್ ಎಂದು ತನ್ನ ಜಾಗಕ್ಕೆ ಹಾರಿ ಕೂರುತ್ತದೆ. ಎರಡೂ ಬದಿಯಲ್ಲಿ ಆ ಶಬ್ದ ಬರಬೇಕು. ಕಿವಿಯನ್ನು ಮಾತ್ರ ನಂಬದೆ ಕಣ್ಣಿನಿಂದಲೂ ನೋಡಿ. ಟೈರಿನ ಪಕ್ಕದಲ್ಲಿ ರಿಮ್ಮಿಗೆ ಸಮೀಪವಾಗಿ ಸುತ್ತಲೂ ಒಂದು ಉಬ್ಬುಗೆರೆ ಇದೆ. ಅದು ರಿಮ್ಮಿನಿಂದ ಎಲ್ಲ ಕಡೆ ಒಂದೇ ಅಂತರದಲ್ಲಿ ಕಾಣಬೇಕು. ಒಂದು ಕಡೆ ಒಳಗೆ ಮುಳುಗಿದ್ದರೆ ಟೈರು ಕೂತಿಲ್ಲ. ಹಾಗೇ ಓಡಿಸಿದರೆ ಬೈಕು ಕುಣಿಯುತ್ತದೆ, ಹೆದ್ದಾರಿಯ ವೇಗದಲ್ಲಿ ಅದು ಅಪಾಯ. ಆದರೆ ಕೂರಲಿಲ್ಲ ಎಂದು ಗಾಳಿ ಹೆಚ್ಚಿಸುತ್ತಲೇ ಹೋಗಬೇಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡ ಮೀರಬಾರದು. ಗಾಳಿ ಬಿಟ್ಟು, ಮುಳುಗಿದ ಕಡೆ ಮತ್ತೆ ಸೋಪುನೀರು ಸವರಿ, ಚಕ್ರವನ್ನು ನೆಲಕ್ಕೆ ಪುಟಿಸಿ, ಮತ್ತೆ ಹೊಡೆಯಿರಿ. ಗಾಳಿ ತುಂಬುವಾಗ ರಿಮ್ಮಿಗೂ ಟೈರಿಗೂ ನಡುವೆ ಬೆರಳಿಡಬೇಡಿ.

ಟ್ಯೂಬ್‌ಲೆಸ್ ಸವಾರರ ಧೈರ್ಯ ಬೇರೆ. ಮುಳ್ಳು ಚುಚ್ಚಿದರೆ ಕಿತ್ತು, ರಬ್ಬರಿನ ಸ್ಟ್ರಿಪ್ ತುರುಕಿ, ಗಾಳಿ ಹೊಡೆದು ಹೊರಡಬಹುದು, ಚಕ್ರ ಬಿಚ್ಚುವ ಕೆಲಸವಿಲ್ಲ. ಇದು ದೊಡ್ಡ ಅನುಕೂಲವೇ. ಆದರೆ ಕಲ್ಲಿಗೆ ಬಡಿದು ಅಂಚು ರಿಮ್ ಬಿಟ್ಟಿತೆಂದರೆ ಆಟ ಬೇರೆ. ಪಂಪು ಹೊಡೆದಷ್ಟೂ ಗಾಳಿ ಪಕ್ಕದ ಸಂದಿನಿಂದ ಹೋಗುತ್ತಲೇ ಇರುತ್ತದೆ. ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ವೇಗವಾಗಿ ಬಂದರೆ ಮಾತ್ರ ಅಂಚು ಕೂರುತ್ತದೆ. ವಾಲ್ ಪಿನ್ ತೆಗೆದಿಟ್ಟು ಗಾಳಿ ಹಾಕಿ, ದಾರಿ ಅಗಲವಾಗುತ್ತದೆ. ಟೈರನ್ನು ಸ್ವಲ್ಪ ಹೊತ್ತು ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಟೈರು ನೆಲಕ್ಕೆ ತಾಗುವ ಮೈಯ ಸುತ್ತ ನಟ್ಟನಡುವೆ ಹಗ್ಗ ಬಿಗಿದು, ಒಂದು ಕೋಲು ತೂರಿಸಿ ತಿರುಚುತ್ತ ಹೋಗಿ. ನಡುಭಾಗ ಒಳಗೆ ಒತ್ತಿಕೊಂಡಾಗ ಎರಡೂ ಅಂಚುಗಳು ಹೊರಕ್ಕೆ ಚಾಚಿ ರಿಮ್ಮಿಗೆ ತಾಗುತ್ತವೆ. ಆಗ ಪಂಪು ಹೊಡೆಯಿರಿ. ಅಂಚು ಗಾಳಿ ಹಿಡಿದ ಕೂಡಲೇ ಹಗ್ಗ ಸಡಿಲಿಸಿ. ಇಷ್ಟಕ್ಕೂ ಆಗಲಿಲ್ಲವೆಂದರೆ ಟ್ಯೂಬ್‌ಲೆಸ್ ವಾಲನ್ನು ರಿಮ್ಮಿನಿಂದ ಬಿಚ್ಚಿ ಒಳಗೊಂದು ಟ್ಯೂಬು ಹಾಕಿ ಮನೆ ಸೇರಿ. ಆದ್ದರಿಂದ ಟ್ಯೂಬ್‌ಲೆಸ್ ಇರುವವರೂ ಟ್ಯೂಬ್ ಹೊರಬೇಕು ಎಂದು ನಾನು ಹೇಳುತ್ತೇನೆ. ಟೈರಿನೊಳಗೆ ಪೆಟ್ರೋಲನ್ನೋ ಸ್ಪ್ರೇಯನ್ನೋ ಹಾಯಿಸಿ ಬೆಂಕಿ ಕೊಟ್ಟು ಕೂರಿಸುವ ವಿಡಿಯೊಗಳನ್ನು ನೀವು ನೋಡಿರುತ್ತೀರಿ. ದಯವಿಟ್ಟು ಅದನ್ನು ಮಾಡಬೇಡಿ. ಟೈರು ಸಿಡಿದರೆ ಮುಖ, ಕೈ ಹೋಗುತ್ತದೆ. ಮಾರ್ಚಿನ ಒಣಹುಲ್ಲಿಗೆ ಒಂದು ಕಿಡಿ ಹಾರಿದರೆ ಇಡೀ ಗುಡ್ಡ ಹೋಗುತ್ತದೆ, ಕುರಿಗಳ ಮೇವೂ ಹೋಗುತ್ತದೆ.

ಇದೆಲ್ಲ ಮೆಕ್ಯಾನಿಕ್ಕಿನ ಕೆಲಸ, ಸವಾರನದ್ದಲ್ಲ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಗಾಳಿ ತುಂಬಿದ ಟೈರಿನ ಚರಿತ್ರೆ ಹೇಳುವುದು ಬೇರೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆಂದು ಮಾಡಿದ ಟೈರಿಗೆ ಪೇಟೆಂಟ್ ಪಡೆದ. ಆಗಿನ ಟೈರನ್ನು ರಿಮ್ಮಿಗೆ ಅಂಟು ಹಾಕಿ ಅಂಟಿಸುತ್ತಿದ್ದರು. ಪಂಚರ್ ಆದರೆ ಕಿತ್ತು, ಮುಚ್ಚಿ, ಮತ್ತೆ ಅಂಟಿಸಿ ಒಣಗಲು ರಾತ್ರಿಯಿಡೀ ಕಾಯಬೇಕಿತ್ತು. ಆ ಕಷ್ಟ ನೋಡಿಯೇ ಫ್ರಾನ್ಸಿನ ಮಿಷೆಲಿನ್ ಸಹೋದರರು 1891ರಲ್ಲಿ ಕಳಚಿ ಹಾಕಬಹುದಾದ ಟೈರು ಮಾಡಿದರು. ಅದೇ ವರ್ಷ ಪ್ಯಾರಿಸ್‌ನಿಂದ ಬ್ರೆಸ್ಟ್‌ವರೆಗೆ ಹೋಗಿ ಬರುವ ಸೈಕಲ್ ಪಂದ್ಯದಲ್ಲಿ ಶಾರ್ಲ್ ತೆರೋಂ ಆ ಟೈರು ಹಾಕಿಕೊಂಡು ಗೆದ್ದ. ಸವಾರ ದಾರಿಯ ಬದಿಯಲ್ಲೇ ಟೈರು ಕಳಚಿ, ಸರಿಮಾಡಿಕೊಂಡು ಮುಂದೆ ಹೋಗಲಿ ಎಂಬುದೇ ಆ ಆವಿಷ್ಕಾರದ ಉದ್ದೇಶವಾಗಿತ್ತು. ಇವತ್ತಿನ ನಿಮ್ಮ ಟೈರು ಅದೇ ವಂಶದ್ದು.

ನೀವು ಅಭಿಮಾನದಿಂದ ನೋಡುವ ಡಕಾರ್ ರ‍್ಯಾಲಿಯಲ್ಲೂ ನಿಯಮ ಇದೇ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಪೂರೈಸಿದ ಮೊದಲ ಭಾರತೀಯ. ಆ ರ‍್ಯಾಲಿಯ ಸ್ಪರ್ಧಾ ಹಂತದಲ್ಲಿ ಬೈಕು ಕೆಟ್ಟರೆ ಸವಾರ ತಾನೇ ಸರಿಮಾಡಿಕೊಳ್ಳಬೇಕು, ಇಲ್ಲವೇ ಜೊತೆಗಿರುವ ಇನ್ನೊಬ್ಬ ಸ್ಪರ್ಧಿಯ ನೆರವು ಪಡೆಯಬಹುದು. ಹೊರಗಿನವರು ಕೈ ಹಾಕುವಂತಿಲ್ಲ. ಸಹಾಯಕರೇ ಇಲ್ಲದೆ, ಒಂದು ಪೆಟ್ಟಿಗೆ ಸಾಮಾನಿನೊಂದಿಗೆ ಇಡೀ ರ‍್ಯಾಲಿ ಮುಗಿಸುವವರಿಗೆ ಪ್ರತ್ಯೇಕ ವಿಭಾಗವೇ ಇದೆ, ಅವರಿಗೆ ಅಲ್ಲಿ ದೊಡ್ಡ ಗೌರವವಿದೆ. ರ‍್ಯಾಲಿಯ ಬಟ್ಟೆ ಕೊಳ್ಳುವುದರ ಜೊತೆಗೆ ಆ ಶಿಸ್ತನ್ನೂ ತೆಗೆದುಕೊಳ್ಳಿ ಎಂಬುದು ನನ್ನ ಕೋರಿಕೆ.

ಬೈಕು ಮಾಡಿ ಮಾರುವವರಿಗೂ ಇಲ್ಲೇ ಒಂದು ಮಾತು. ಜಾಹೀರಾತಿನಲ್ಲಿ ಗುಡ್ಡ, ಹಳ್ಳ, ಮರಳುಗಾಡು ತೋರಿಸಿ ಸಾಹಸದ ಬೈಕು ಎಂದು ಮಾರುತ್ತೀರಿ. ಅದರ ಟೂಲ್ ಕಿಟ್ಟಿನಲ್ಲಿ ಎರಡು ಟೈರ್ ಲಿವರ್, ಚಕ್ರದ ಅಚ್ಚಿನ ನಟ್ಟಿಗೆ ಹೊಂದುವ ಗಟ್ಟಿ ಪಾನ ಇಡಿ. ಬೈಕು ಕೊಡುವ ದಿನ ಚಕ್ರ ಬಿಚ್ಚಿ ಹಾಕುವುದನ್ನು ಒಮ್ಮೆ ಮಾಡಿಸಿ ಕಳಿಸಿ. ಅಷ್ಟು ಬೆಲೆಯ ಬೈಕಿಗೆ ಇದು ದೊಡ್ಡ ಖರ್ಚಲ್ಲ.

ಕಲಿಯುವುದು ಎಲ್ಲಿ ಎಂದರೆ ಪಂಚರ್ ಅಂಗಡಿಯಲ್ಲಿ. ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ, ಹೆದ್ದಾರಿಯ ಉದ್ದಕ್ಕೂ ಕಂಬಕ್ಕೆ ಹಳೆ ಟೈರು ನೇತುಹಾಕಿದ ಅಂಗಡಿಗಳಿವೆ. ನೆಲದಲ್ಲಿ ಒಂದು ನೀರಿನ ತೊಟ್ಟಿ, ಮೂಲೆಯಲ್ಲಿ ಕಂಪ್ರೆಸರ್, ಬಿಸಿ ಪ್ಯಾಚ್ ಒತ್ತುವ ಯಂತ್ರ. ಲಾರಿ ಟೈರನ್ನು ಸಲಾಕೆ, ಸುತ್ತಿಗೆ ಹಿಡಿದು ಒಬ್ಬನೇ ಕಳಚುವವರನ್ನು ಅಲ್ಲಿ ನೋಡಬಹುದು. ಆ ಕೈಗಳಲ್ಲಿರುವ ವಿದ್ಯೆಗೆ ಯಾವ ಸರ್ಟಿಫಿಕೇಟೂ ಇಲ್ಲ, ಅದಕ್ಕೆ ತಕ್ಕ ಗೌರವವನ್ನೂ ನಾವು ಕೊಟ್ಟಿಲ್ಲ. ನಿಮ್ಮ ಕ್ಲಬ್ಬುಗಳು ಒಂದು ಭಾನುವಾರ ಸವಾರಿ ಬಿಟ್ಟು ಇಂಥ ಒಬ್ಬರ ಮುಂದೆ ಕೂರಲಿ. ಅವರ ದಿನದ ಸಂಪಾದನೆಗೆ ಕಡಿಮೆಯಾಗದ ಗುರುದಕ್ಷಿಣೆ ಕೊಡಿ. ಒಬ್ಬೊಬ್ಬರೂ ತಮ್ಮ ತಮ್ಮ ಹಿಂದಿನ ಚಕ್ರವನ್ನು ತಾವೇ ಬಿಚ್ಚಿ, ಟೈರು ಕಳಚಿ, ಮತ್ತೆ ಕೂರಿಸಿ. ಬೆವರು ಬರುತ್ತದೆ, ಗೆಣ್ಣು ತರಚುತ್ತದೆ, ಮಧ್ಯಾಹ್ನದ ಹೊತ್ತಿಗೆ ಕೆಲಸ ಕೈಗೆ ಬರುತ್ತದೆ. ಹೆಣ್ಣುಮಕ್ಕಳು ಇದಕ್ಕೆ ಬಲ ಸಾಲದು ಎಂದು ಹಿಂಜರಿಯಬೇಡಿ. ಮೇಲೆ ಹೇಳಿದಂತೆ ಇದು ತಗ್ಗಿನ ಲೆಕ್ಕ, ತೋಳಿನ ಲೆಕ್ಕವಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ಮಹಿಳಾ ವಿಶ್ವಕಪ್ ಗೆದ್ದದ್ದನ್ನು ನೆನಪಿಡಿ.

ಇನ್ನೆರಡು ವಿಷಯ ಹೇಳದೆ ಈ ಪತ್ರ ಮುಗಿಸಲಾರೆ. ಮಾರಿಕಣಿವೆಯ ಸುತ್ತಲಿನ ಗುಡ್ಡಗಳಲ್ಲಿ ಬಹುಪಾಲು ಅರಣ್ಯ ಇಲಾಖೆಗೆ ಸೇರಿದ ಕಾಡು, ಚಿತ್ರದುರ್ಗದ ಕಡೆಯದು ಜೋಗಿಮಟ್ಟಿ ವನ್ಯಧಾಮ. ಕರಡಿ, ಚಿರತೆ ಅಲ್ಲಿವೆ. ಅನುಮತಿಯಿಲ್ಲದೆ ಅಲ್ಲಿಗೆ ಬೈಕು ನುಗ್ಗಿಸುವುದು ಕಾನೂನಿಗೂ ವಿರುದ್ಧ, ಮುಸ್ಸಂಜೆ ಪಂಚರ್ ಆಗಿ ನಿಂತರೆ ಜೀವಕ್ಕೂ ಅಪಾಯ. ಊರಿಂದೂರಿಗೆ ಹೋಗುವ ಗಾಡಿದಾರಿಗಳೇ ಬೇಕಾದಷ್ಟಿವೆ, ಅವನ್ನು ಹಿಡಿಯಿರಿ. ಬೆಳೆ ನಿಂತ ಹೊಲದ ಬದುವಿನ ಮೇಲೆ ಓಡಿಸಬೇಡಿ. ದಾರಿಗಡ್ಡ ಮುಳ್ಳುಕಂಟಿ ಇಟ್ಟಿದ್ದರೆ ದನ ಹೊಲಕ್ಕೆ ನುಗ್ಗದಿರಲೆಂದು ರೈತ ಇಟ್ಟದ್ದು. ಸರಿಸಿ ದಾಟಿದರೆ ಇಳಿದು ಮತ್ತೆ ಹಾಗೇ ಇಟ್ಟು ಹೋಗಿ.

ಎರಡನೆಯದು, ಕಿತ್ತ ಟ್ಯೂಬು, ಸ್ಟ್ರಿಪ್ಪಿನ ತುಂಡು, ಸೊಲ್ಯೂಷನ್ ಟ್ಯೂಬಿನ ತಗಡು, ಪ್ಯಾಚಿನ ಹಾಳೆ, ಗಾಳಿಯ ಸಣ್ಣ ಸಿಲಿಂಡರುಗಳನ್ನು ಮೇವಿನ ನೆಲದಲ್ಲಿ ಬಿಟ್ಟು ಹೋಗಬೇಡಿ. ಹಳ್ಳಿಗಳಲ್ಲಿ ಹಳೆ ಟ್ಯೂಬಿಗೆ ಬೆಲೆಯಿದೆ. ಹೊರೆ ಕಟ್ಟಲು, ಪೈಪು ಬಿಗಿಯಲು ಅದರ ಪಟ್ಟಿ ಬೇಕು. ನಮ್ಮ ಮಕ್ಕಳು ಬಾವಿಯಲ್ಲಿ ಈಜು ಕಲಿತದ್ದು ಲಾರಿ ಟ್ಯೂಬು ಕಟ್ಟಿಕೊಂಡೇ. ನಿಮ್ಮ ಹರಿದ ಟ್ಯೂಬನ್ನು ದಾರಿಯಲ್ಲಿ ಸಿಕ್ಕ ಮನೆಯವರಿಗೆ ಬೇಕೇ ಎಂದು ಕೇಳಿ ನೋಡಿ. ಬೇಡವೆಂದರೆ ಬೆಂಗಳೂರಿಗೆ ವಾಪಸ್ ಒಯ್ಯಿರಿ.

ಮುಂದಿನ ಸಲ ವಾಣಿವಿಲಾಸಪುರದಲ್ಲಿ ಡಾಂಬರು ಬಿಡುವ ಮುಂಚೆ ಗುಂಪಿನ ಎಲ್ಲರೂ ಒಮ್ಮೆ ನಿಲ್ಲಿ. ಪಂಪು ಯಾರ ಚೀಲದಲ್ಲಿದೆ, ಲಿವರ್ ಯಾರ ಬಳಿ ಇದೆ, ಟ್ಯೂಬು ಯಾವ ಅಳತೆಯದು ಎಂದು ಗಟ್ಟಿಯಾಗಿ ಕೇಳಿಕೊಳ್ಳಿ. ಉತ್ತರ ಬರದಿದ್ದರೆ ಆ ದಿನ ಅಣೆಕಟ್ಟಿನ ಮೇಲೆ ನಿಂತು ನೀರು ನೋಡಿ, ಮಾರಮ್ಮನ ಗುಡಿಗೆ ಹೋಗಿ ಊರಿಗೆ ಮರಳಿ. ಉತ್ತರ ಬಂದರೆ ಧೈರ್ಯವಾಗಿ ಹೊರಡಿ. ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಒಂದು ಪಂಚರ್ ಆಗಿ ನಿಂತಿದ್ದರೆ ಇಳಿದು, ನಿಮ್ಮ ಪಂಪು, ಪ್ಯಾಚು ತೆಗೆದು, ಅವರ ಚಕ್ರಕ್ಕೆ ಮೊದಲು ಕೈ ಹಾಕಿ.

ಇಂತಿ,
ಹಿರಿಯೂರು ಸೀಮೆಯ ನಿಮ್ಮಂತೆಯೇ ಒಬ್ಬ ಸವಾರ